ಯಂತ್ರದ ಅನುಕಂಪಕ್ಕೆ ಹೊಣೆ ಯಾರು?

2025ರ ಫೆಬ್ರುವರಿ 2ರಂದು ಐರೋಪ್ಯ ಒಕ್ಕೂಟದ 27 ದೇಶಗಳಲ್ಲಿ ಒಂದು ವಿಶಿಷ್ಟ ನಿಷೇಧ ಜಾರಿಗೆ ಬಂದಿತು. ನೌಕರರು ದುಡಿಯುವ ಸ್ಥಳಗಳಲ್ಲಿ ಹಾಗೂ ವಿದ್ಯಾಸಂಸ್ಥೆಗಳಲ್ಲಿ ಮನುಷ್ಯರ ಮುಖಭಾವ, ಧ್ವನಿ ಮೊದಲಾದ ಶಾರೀರಿಕ ಲಕ್ಷಣಗಳಿಂದ ಅವರ ಭಾವನೆಗಳನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳನ್ನು ಅಲ್ಲಿ ಬಳಸುವಂತಿಲ್ಲ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗಷ್ಟೇ ವಿನಾಯಿತಿ. ಕಂಪ್ಯೂಟರ್ ಎಂದರೆ ಲೆಕ್ಕ ಹಾಕುವ ಯಂತ್ರವೆಂದು ತಿಳಿದು ಬೆಳೆದ ನನ್ನ ತಲೆಮಾರಿನವರಿಗೆ ಇಂಥ ಕಾನೂನಿನ ಅಗತ್ಯವೇ ವಿಚಿತ್ರವಾಗಿ ಕಾಣಬಹುದು. ಯಂತ್ರಕ್ಕೂ ಮನುಷ್ಯನ ಕೋಪತಾಪಗಳಿಗೂ ಎತ್ತಣ ಸಂಬಂಧ? ಆದರೆ ಆ ಸಂಬಂಧಕ್ಕೆ ಆಗಲೇ ಅರವತ್ತು ವರ್ಷ ತುಂಬಿದೆ. ಅದು ಈಗ ನಮ್ಮ ಬ್ಯಾಂಕು, ಕಚೇರಿ, ಮನೆಗಳನ್ನೂ ಪ್ರವೇಶಿಸಿರುವುದರಿಂದ ಈ ವಿಚಾರವನ್ನು ತಂತ್ರಜ್ಞರಿಗಷ್ಟೇ ಬಿಟ್ಟುಬಿಡುವಂತಿಲ್ಲ.

1966ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ಜೋಸೆಫ್ ವೈಜೆನ್‌ಬಾಮ್ ಅವರು 'ಎಲೈಜಾ' ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕದ ನಾಯಕಿಯ ಹೆಸರು ಅದಕ್ಕೆ. ಬೆರಳಚ್ಚು ಯಂತ್ರದ ಮೂಲಕ ನೀವು ಏನಾದರೂ ಬರೆದರೆ ಅದು ಮನೋವೈದ್ಯರ ಧಾಟಿಯಲ್ಲಿ ಮರುಪ್ರಶ್ನೆ ಕೇಳುತ್ತಿತ್ತು. ತಾಯಿಯ ಪ್ರಸ್ತಾಪ ಬಂದರೆ ಕುಟುಂಬದ ಬಗ್ಗೆ ಇನ್ನಷ್ಟು ಹೇಳುವಂತೆ ಕೋರುತ್ತಿತ್ತು. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಪದಗಳನ್ನು ಹಿಂದೆಮುಂದೆ ಮಾಡುವ ಕೆಲವು ನಿಯಮಗಳಷ್ಟೇ ಅದರ ಬಂಡವಾಳ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಒಂದು ದಿನ ಅದರೊಡನೆ ನಾಲ್ಕಾರು ಮಾತಾಡಿದ ಮೇಲೆ, ತಾವು ಸ್ವಲ್ಪ ಹೊರಗೆ ಹೋಗುವಿರಾ ಎಂದು ಪ್ರಾಧ್ಯಾಪಕರನ್ನು ಕೇಳಿದರಂತೆ. ಯಂತ್ರದೊಡನೆ ಆಕೆಗೆ ಏಕಾಂತ ಬೇಕೆನಿಸಿತ್ತು.

ಈ ಘಟನೆಯಿಂದ ವೈಜೆನ್‌ಬಾಮ್ ಹೆಮ್ಮೆಪಡಲಿಲ್ಲ, ಗಾಬರಿಗೊಂಡರು. ಯಂತ್ರಕ್ಕೆ ಒಪ್ಪಿಸಲೇಬಾರದ ಕೆಲಸಗಳೂ ಇವೆ ಎಂದು ವಾದಿಸಿ 1976ರಲ್ಲಿ ಒಂದು ಗ್ರಂಥವನ್ನೇ ಬರೆದರು. ಆದರೆ ಶಾಸ್ತ್ರ ಅವರ ಹಾದಿಯಲ್ಲಿ ಸಾಗಲಿಲ್ಲ. 1997ರಲ್ಲಿ ಅದೇ ಸಂಸ್ಥೆಯ ರೋಸಲಿಂಡ್ ಪಿಕಾರ್ಡ್ ಅವರು ಬರೆದ ಪುಸ್ತಕ 'ಅಫೆಕ್ಟಿವ್ ಕಂಪ್ಯೂಟಿಂಗ್' ಎಂಬ ಹೊಸ ಜ್ಞಾನಶಾಖೆಗೆ ಬುನಾದಿಯಾಯಿತು. ಅದನ್ನು ಕನ್ನಡದಲ್ಲಿ ಭಾವಗಣನೆ ಎನ್ನಬಹುದು. ಮನುಷ್ಯನ ಭಾವನೆಯನ್ನು ಗುರುತಿಸುವುದು, ಅದಕ್ಕೊಂದು ಮಾದರಿಯನ್ನು ಯಂತ್ರದೊಳಗೆ ಕಟ್ಟುವುದು, ತಕ್ಕ ಭಾವನೆಯನ್ನು ಯಂತ್ರವೇ ತೋರ್ಪಡಿಸುವುದು ಇದರ ಕಾರ್ಯಕ್ಷೇತ್ರ. ಬಳಸುವವನ ಬೇಸರವನ್ನು ಅರಿಯದ ಯಂತ್ರ ಅವನಿಗೆ ಸರಿಯಾಗಿ ನೆರವಾಗಲಾರದು ಎಂಬುದು ಇದರ ಹಿಂದಿನ ಸದುದ್ದೇಶ. ಆಟಿಸಂ ಇರುವವರಿಗೆ ನೆರವಾಗುವ ಸಾಧನಗಳು ಈ ಸಂಶೋಧನೆಯ ಆರಂಭದ ಗುರಿಗಳಲ್ಲಿ ಸೇರಿದ್ದವು ಎಂಬುದನ್ನು ಮರೆಯಬಾರದು.

ಭಾವನೆಯನ್ನು ಲೆಕ್ಕಕ್ಕೆ ಇಳಿಸುವುದು ಹೇಗೆ? ಎರಡು ಮಾರ್ಗಗಳು ಮುಖ್ಯವಾಗಿ ಪ್ರಚಾರಕ್ಕೆ ಬಂದವು. ಒಂದು, ಆರ್ಟೊನಿ, ಕ್ಲೋರ್ ಮತ್ತು ಕಾಲಿನ್ಸ್ ಎಂಬ ವಿದ್ವಾಂಸರು 1988ರಲ್ಲಿ ಮುಂದಿಟ್ಟದ್ದು. ನಡೆದ ಘಟನೆ ನಮಗೆ ಇಷ್ಟವೋ ಅನಿಷ್ಟವೋ, ಮಾಡಿದವರ ಕೃತ್ಯ ಮೆಚ್ಚತಕ್ಕದ್ದೋ ಖಂಡಿಸತಕ್ಕದ್ದೋ, ಎದುರಿನ ವಸ್ತು ಹಿತವೋ ಅಹಿತವೋ ಎಂಬ ವಿವೇಚನೆಯಿಂದ 22 ಬಗೆಯ ಭಾವನೆಗಳನ್ನು ಅವರು ವಿಂಗಡಿಸಿದರು. ಎರಡನೆಯದು ಪಾಲ್ ಎಕ್‌ಮನ್ ಅವರ ಮಾರ್ಗ. ಕೋಪ, ಜುಗುಪ್ಸೆ, ಭಯ, ಸಂತೋಷ, ದುಃಖ, ಆಶ್ಚರ್ಯ ಎಂಬ ಆರು ಮೂಲಭಾವನೆಗಳು ಎಲ್ಲ ಮಾನವರ ಮುಖದಲ್ಲಿಯೂ ಒಂದೇ ರೀತಿ ಪ್ರಕಟವಾಗುತ್ತವೆ ಎಂದು ಅವರು ಪಪುವಾ ನ್ಯೂಗಿನಿಯ ಬುಡಕಟ್ಟು ಜನರ ನಡುವೆಯೂ ಅಧ್ಯಯನ ನಡೆಸಿ ಪ್ರತಿಪಾದಿಸಿದರು. 1978ರಲ್ಲಿ ಮುಖದ ಸ್ನಾಯುಗಳ ಚಲನೆಗಳಿಗೆ ಸಂಕೇತಸಂಖ್ಯೆಗಳನ್ನು ಕೊಟ್ಟರು. ಮೊದಲ ಮಾರ್ಗಕ್ಕೆ ಸನ್ನಿವೇಶದ ಅರಿವು ಬೇಕು. ಎರಡನೆಯದಕ್ಕೆ ಕ್ಯಾಮೆರಾ ಇದ್ದರೆ ಸಾಕು. ಮಾರುಕಟ್ಟೆ ಯಾವುದನ್ನು ಆರಿಸಿಕೊಂಡಿತೆಂದು ಹೇಳಬೇಕಾಗಿಲ್ಲ.

ಇಂಥ ವರ್ಗೀಕರಣ ಭಾರತೀಯರಿಗೆ ಹೊಸತಲ್ಲ. ಭರತನ ನಾಟ್ಯಶಾಸ್ತ್ರದ ಆರು ಮತ್ತು ಏಳನೆಯ ಅಧ್ಯಾಯಗಳಲ್ಲಿ ರಸ ಮತ್ತು ಭಾವಗಳ ವಿಸ್ತಾರವಾದ ನಿರೂಪಣೆಯಿದೆ. 8 ಸ್ಥಾಯಿಭಾವಗಳು, 33 ವ್ಯಭಿಚಾರಿಭಾವಗಳು, 8 ಸಾತ್ತ್ವಿಕಭಾವಗಳು ಸೇರಿ ಒಟ್ಟು 49 ಭಾವಗಳು. ಬೆವರುವುದು, ದನಿ ಬದಲಾಗುವುದು, ನಡುಗುವುದು, ಮುಖದ ಬಣ್ಣ ಕೆಡುವುದು ಮುಂತಾದ ಸಾತ್ತ್ವಿಕಭಾವಗಳ ಪಟ್ಟಿಯನ್ನು ನೋಡಿದರೆ, ಚರ್ಮದ ಬೆವರನ್ನೂ ಧ್ವನಿಯ ಏರಿಳಿತವನ್ನೂ ಅಳೆಯುವ ಇಂದಿನ ಸಂವೇದಕಗಳು ನೆನಪಾಗದೆ ಇರವು. ಆದರೆ ಭರತನು ಅಲ್ಲಿಗೇ ನಿಲ್ಲಲಿಲ್ಲ. ಭಾವಕ್ಕೆ ಕಾರಣವಾದ ವಿಭಾವ ಬೇರೆ, ಮೈಮುಖಗಳಲ್ಲಿ ಅದು ತೋರುವ ಅನುಭಾವ ಬೇರೆ ಎಂದು ಸ್ಪಷ್ಟವಾಗಿ ಬೇರ್ಪಡಿಸಿದನು. ಒಂದೇ ಕಣ್ಣೀರು ಶೋಕದಿಂದಲೂ ಬರಬಹುದು, ಆನಂದದಿಂದಲೂ ಬರಬಹುದು, ಅಡುಗೆಮನೆಯ ಹೊಗೆಯಿಂದಲೂ ಬರಬಹುದು. ಮೇಲಾಗಿ ಅಭಿನಯಶಾಸ್ತ್ರವೇ ನಿಂತಿರುವುದು, ಕಾರಣವಿಲ್ಲದೆಯೂ ಲಕ್ಷಣವನ್ನು ತೋರಿಸಲು ಸಾಧ್ಯ ಎಂಬ ಅರಿವಿನ ಮೇಲೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇಲ್ಲಿ ಆಡಂ ಸ್ಮಿತ್‌ನನ್ನೂ ನೆನೆಯಬೇಕು. ನಮ್ಮ ಎಂ.ಎ. ತರಗತಿಗಳಲ್ಲಿ ಸ್ಮಿತ್ ಎಂದರೆ 1776ರ 'ರಾಷ್ಟ್ರಗಳ ಸಂಪತ್ತು' ಮಾತ್ರ. ಅದಕ್ಕೂ 17 ವರ್ಷ ಮೊದಲು, 1759ರಲ್ಲಿ, ಅವನು ನೈತಿಕ ಭಾವನೆಗಳನ್ನು ಕುರಿತು ಬರೆದ ಗ್ರಂಥವನ್ನು ಓದಿದವರು ಕಡಿಮೆ. ಪರರ ದುಃಖಕ್ಕೆ ನಾವು ಮರುಗುವುದು ಅವರ ಮುಖದಲ್ಲಿ ಕಾಣುವ ದುಃಖದಿಂದ ಅಷ್ಟಾಗಿ ಅಲ್ಲ, ಅದನ್ನು ಉಂಟುಮಾಡಿದ ಸನ್ನಿವೇಶದಲ್ಲಿ ನಮ್ಮನ್ನು ನಾವೇ ಇರಿಸಿ ನೋಡುವುದರಿಂದ ಎಂಬುದು ಅವನ ಅಭಿಪ್ರಾಯದ ಸಾರ. ಬೇರೆ ಬೇರೆ ಕಾಲದೇಶಗಳ ಇಬ್ಬರು ಚಿಂತಕರು ಹೀಗೆ ಒಂದೇ ಅಂಶವನ್ನು ಸೂಚಿಸಿದ್ದಾರೆ: ಲಕ್ಷಣದಿಂದಷ್ಟೇ ಭಾವ ತಿಳಿಯದು, ಕಾರಣವೂ ಗೊತ್ತಿರಬೇಕು.

ಆಡಳಿತದಲ್ಲಿ ಇದು ನಿತ್ಯದ ಅನುಭವ. ಉಪವಿಭಾಗಾಧಿಕಾರಿಯಾಗಿದ್ದಾಗ ನಾನು ಭೂಸ್ವಾಧೀನದ ಅನೇಕ ವಿಚಾರಣೆಗಳನ್ನು ನಡೆಸಿದ್ದೇನೆ. ಒಂದು ಗ್ರಾಮದಲ್ಲಿ ದೊಡ್ಡ ದನಿಯಲ್ಲಿ ಕೂಗಾಡಿದವರು ಬಹಳ. ಹೊಲ ಕಳೆದುಕೊಳ್ಳುತ್ತಿದ್ದ ಒಬ್ಬ ವೃದ್ಧೆ ಮಾತ್ರ ಉದ್ದಕ್ಕೂ ಮುಗುಳ್ನಗುತ್ತ, ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ಕುಳಿತಿದ್ದರು. ವಿಚಾರಣೆ ಮುಗಿದ ಮೇಲೆ ಗ್ರಾಮ ಲೆಕ್ಕಿಗರು ಮೆಲ್ಲನೆ ಹೇಳಿದರು: "ಆಯಮ್ಮನ ಗಂಡನ ಸಮಾಧಿ ಆ ಹೊಲದಾಗೇ ಐತೆ ಸ್ವಾಮಿ." ಅಧಿಕಾರಿಯ ಮುಂದೆ ಅಳುವುದು ಮರ್ಯಾದೆಯಲ್ಲವೆಂದು ಬಗೆದ ಹಳ್ಳಿಯ ಹೆಂಗಸು ತನ್ನ ಸಂಕಟವನ್ನು ನಗೆಯಲ್ಲಿ ಮುಚ್ಚಿದ್ದರು. ಸಮಾಧಿಯ ಸ್ಥಳಾಂತರಕ್ಕೆ ಜಾಗ ಮತ್ತು ವೆಚ್ಚವನ್ನು ಸೇರಿಸಿ ವರದಿ ಸಲ್ಲಿಸಲು ಸಾಧ್ಯವಾದದ್ದು ಆ ಹೊಲದ ವೃತ್ತಾಂತವನ್ನು ಬಲ್ಲ ಲೆಕ್ಕಿಗರಿಂದ. ಮುಖ ಓದುವ ಕ್ಯಾಮೆರಾ ಅಲ್ಲಿದ್ದಿದ್ದರೆ ಆಕೆಯ ಹೆಸರಿನ ಮುಂದೆ 'ಸಂತುಷ್ಟ' ಎಂದು ನಮೂದಿಸುತ್ತಿತ್ತು.

ವಿಜ್ಞಾನಿಗಳೂ ಇದೇ ನಿಲುವಿಗೆ ಬಂದಿದ್ದಾರೆ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ತಜ್ಞರು ಸಾವಿರಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಪರಿಶೀಲಿಸಿ 2019ರಲ್ಲಿ ಸುದೀರ್ಘ ವರದಿ ಪ್ರಕಟಿಸಿದರು. ಮುಖಚಲನೆಯೊಂದರಿಂದಲೇ ಭಾವನೆಯನ್ನು ವಿಶ್ವಾಸಾರ್ಹವಾಗಿ ನಿರ್ಣಯಿಸಲಾಗದು ಎಂಬುದು ಅದರ ತೀರ್ಮಾನ. ಸಿಟ್ಟು ಬಂದಾಗಲೆಲ್ಲ ಜನ ಹುಬ್ಬು ಗಂಟಿಕ್ಕುವುದಿಲ್ಲ. ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾಗಿರುವುದೂ ಇಲ್ಲ. ಉದ್ಯೋಗ ಸಂದರ್ಶನಗಳ ವಿಡಿಯೊಗಳನ್ನು ವಿಶ್ಲೇಷಿಸುತ್ತಿದ್ದ ಅಮೆರಿಕದ ಹೈರ್‌ವ್ಯೂ ಸಂಸ್ಥೆ ಅಭ್ಯರ್ಥಿಗಳ ಮುಖವಿಶ್ಲೇಷಣೆಯನ್ನು ಕೈಬಿಟ್ಟಿರುವುದಾಗಿ 2021ರಲ್ಲಿ ಘೋಷಿಸಿತು. ಮುಖದಿಂದ ಭಾವನೆ ಊಹಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ಹಿಂತೆಗೆದುಕೊಳ್ಳಲು ನಿರ್ಧರಿಸಿತು. ತಯಾರಿಸಿದವರಿಗೇ ಅನುಮಾನವಿರುವ ಸಾಧನವನ್ನು ಕೊಳ್ಳುವ ಮುನ್ನ ಕೊಳ್ಳುವವರು ಎರಡು ಬಾರಿ ಯೋಚಿಸಬೇಕು.

ನಮ್ಮ ದೇಶದಲ್ಲಿ ಆ ಯೋಚನೆ ಸಾಕಷ್ಟು ನಡೆದಂತಿಲ್ಲ. ಸಂಕಟದಲ್ಲಿರುವ ಮಹಿಳೆಯರ ಮುಖಭಾವವನ್ನು ಗುರುತಿಸಿ ಠಾಣೆಗೆ ಸೂಚನೆ ನೀಡುವ ಕ್ಯಾಮೆರಾಗಳನ್ನು ಅಳವಡಿಸುವ ಯೋಜನೆಯನ್ನು ಲಖನೌ ಪೊಲೀಸರು 2021ರ ಜನವರಿಯಲ್ಲಿ ಪ್ರಕಟಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ರಸ್ತೆಯಲ್ಲಿ ನಡೆಯುವ ಹೆಣ್ಣುಮಗಳು ಪರೀಕ್ಷೆಯ ಚಿಂತೆಯಲ್ಲಿದ್ದರೂ, ಬಿಸಿಲಿಗೆ ಮುಖ ಕಿವುಚಿದರೂ ಅವಳ ಮುಖ ಪೊಲೀಸರ ದಾಖಲೆಯಾಗಬೇಕೆ? ಈ ಪ್ರಶ್ನೆಗೆ ಮಾರ್ಗದರ್ಶನ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿದೆ. ಸೆಲ್ವಿ ಮತ್ತಿತರರು ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ನೀಡಿದ ತೀರ್ಪು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಹಾಗೂ ಮಿದುಳಿನ ನಕ್ಷೆಯ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರ ಎಂದು ಸಾರಿತು. ಸುಳ್ಳುಪತ್ತೆ ಯಂತ್ರ ಮಾಡುವುದಾದರೂ ಏನು? ರಕ್ತದ ಒತ್ತಡ, ಉಸಿರು, ಬೆವರುಗಳನ್ನು ಅಳೆದು ಮನಸ್ಸನ್ನು ಊಹಿಸುತ್ತದೆ. ಭಾವ ಓದುವ ಕ್ಯಾಮೆರಾ ಅದೇ ಕೆಲಸವನ್ನು ಮುಟ್ಟದೆ, ಹೇಳದೆ, ಒಮ್ಮೆಗೆ ಸಾವಿರ ಜನರ ಮೇಲೆ ಮಾಡಬಲ್ಲದು. ಠಾಣೆಯೊಳಗೆ ಒಬ್ಬ ಆರೋಪಿಗೆ ಇರುವ ರಕ್ಷಣೆ ಬೀದಿಯಲ್ಲಿರುವ ನಿರಪರಾಧಿಗೂ ಇರಬೇಕಾದದ್ದು ನ್ಯಾಯ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಘೋಷಿಸಿತು. ಆ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಅದರ ಫಲವಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ಷ್ಮ ದತ್ತಾಂಶವೆಂಬ ಪ್ರತ್ಯೇಕ ವರ್ಗವೇ ಇಲ್ಲ. 2018ರಲ್ಲಿ ಶ್ರೀಕೃಷ್ಣ ಸಮಿತಿ ಸಲ್ಲಿಸಿದ ಕರಡಿನಲ್ಲಿ ಅದಿತ್ತು. 2025ರ ನವೆಂಬರ್‌ನಲ್ಲಿ ಅಧಿಸೂಚಿತವಾದ ನಿಯಮಗಳೂ ಈ ಕೊರತೆಯನ್ನು ತುಂಬಿಲ್ಲ. ಹೀಗಾಗಿ ನಮ್ಮ ವಿಳಾಸಕ್ಕೂ ನಮ್ಮ ಅಳುವಿಗೂ ಕಾನೂನಿನ ಕಣ್ಣಿನಲ್ಲಿ ವಿಶೇಷ ವ್ಯತ್ಯಾಸವಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಪರಿಗಣಿಸಬೇಕು. ಇಂದಿನ ಭಾಷಾ ಮಾದರಿಗಳು ಹಳೆಯ ಎಲೈಜಾದಂತೆ ಅಲ್ಲ. ನಾವು ಬರೆದು ತಿಳಿಸಿದ ಸನ್ನಿವೇಶವನ್ನು ಗ್ರಹಿಸಿ ಬಹಳ ಮಟ್ಟಿಗೆ ತಕ್ಕ ಮಾತನ್ನೇ ಆಡುತ್ತವೆ. ಇದು ನಿಜ. ಅವುಗಳ ಸಾಂತ್ವನದ ಭಾಷೆ ಅನೇಕ ಅಧಿಕಾರಿಗಳ ಭಾಷೆಗಿಂತ ಚೆನ್ನಾಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಆದರೆ ಅವು ಬಲ್ಲದ್ದು ನಾವು ಹೇಳಿದ್ದನ್ನು ಮಾತ್ರ. ಆ ವೃದ್ಧೆ ಸಮಾಧಿಯ ಮಾತನ್ನೇ ಎತ್ತಿರಲಿಲ್ಲ. ಇನ್ನೂ ಮುಖ್ಯವಾದ ಪ್ರಶ್ನೆ ಬೇರೆಯದು. ಯಂತ್ರ ತೋರಿಸುವ ಅನುಕಂಪಕ್ಕೆ ಬೆಲೆ ಎಷ್ಟು?

ಭಾವನೆಯ ಪ್ರದರ್ಶನ ಶ್ರಮವೂ ಹೌದು ಎಂಬುದನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನ ಪರಿಚಾರಿಕೆಯರ ಅಧ್ಯಯನದ ಮೂಲಕ ತೋರಿಸಿಕೊಟ್ಟರು. ಸಂಬಳಕ್ಕಾಗಿ ನಗುವುದು ಎಷ್ಟು ಆಯಾಸದ ಕೆಲಸವೆಂಬುದನ್ನು ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ರಾತ್ರಿಪಾಳಿ ದುಡಿದ ನಮ್ಮ ಮಕ್ಕಳು ಚೆನ್ನಾಗಿ ಬಲ್ಲರು. ಈಗ ಅಂಥ ನೌಕರರ ದನಿಯನ್ನೇ ಅಳೆದು, ಇನ್ನಷ್ಟು ಅನುಕಂಪ ತೋರುವಂತೆ ಪರದೆಯ ಮೇಲೆ ಸೂಚನೆ ಕೊಡುವ ತಂತ್ರಾಂಶಗಳು ಮಾರುಕಟ್ಟೆಯಲ್ಲಿವೆ. ಜಪಾನಿನ ಸಾಫ್ಟ್‌ಬ್ಯಾಂಕ್ ಸಂಸ್ಥೆ 2024ರಲ್ಲಿ ಇನ್ನೊಂದು ಬಗೆಯ ಸಾಧನವನ್ನು ಪ್ರಕಟಿಸಿತು. ಅದು ಸಿಟ್ಟಿಗೆದ್ದ ಗ್ರಾಹಕನ ದನಿಯನ್ನು ಮೃದುಗೊಳಿಸಿ ನೌಕರನ ಕಿವಿಗೆ ತಲುಪಿಸುತ್ತದೆ. ಬೈಗುಳ ಕೇಳಿ ಬಳಲಿದ ನೌಕರರ ಮೇಲಿನ ಕಾಳಜಿ ಇದರಲ್ಲಿದೆ ಎಂಬುದನ್ನು ಒಪ್ಪೋಣ. ಆದರೂ ಒಂದು ತುದಿಯಲ್ಲಿ ಕೃತಕ ಅನುಕಂಪ, ಇನ್ನೊಂದು ತುದಿಯಲ್ಲಿ ಕೃತಕ ಶಾಂತಿ ಇದ್ದರೆ, ಸಿಟ್ಟಿಗೆ ಕಾರಣವಾದ ದೋಷ ಸಂಸ್ಥೆಗೆ ತಿಳಿಯುವುದು ಹೇಗೆ?

ಸಂಕೇತಗಳ ಅರ್ಥಶಾಸ್ತ್ರ ಇಲ್ಲಿ ನೆರವಿಗೆ ಬರುತ್ತದೆ. 2001ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡ ಮೈಕೆಲ್ ಸ್ಪೆನ್ಸ್ ಅವರು 1973ರ ಲೇಖನದಲ್ಲಿ ಹೇಳಿದ ತತ್ತ್ವವಿಷ್ಟೇ: ಸಂಕೇತವೊಂದು ಮಾಹಿತಿಯನ್ನು ಕೊಡಬೇಕಾದರೆ ಅದನ್ನು ನೀಡಲು ವೆಚ್ಚ ತಗಲಬೇಕು, ಆ ವೆಚ್ಚ ಎಲ್ಲರಿಗೂ ಒಂದೇ ಆಗಿರಬಾರದು. ಮನೆಯವರು ತೀರಿಕೊಂಡಾಗ ಸ್ನೇಹಿತರು ಊರಿನಿಂದ ಬಸ್ಸು ಹಿಡಿದು ಬಂದು ಅರ್ಧ ದಿನ ಮೌನವಾಗಿ ಕುಳಿತರೆ ಅದಕ್ಕೆ ಅರ್ಥವಿದೆ, ಏಕೆಂದರೆ ಅವರು ಅರ್ಧ ದಿನವನ್ನು ಕೊಟ್ಟಿದ್ದಾರೆ. ದಿನಕ್ಕೆ ಹತ್ತು ಲಕ್ಷ ಜನರಿಗೆ ಏಕಕಾಲದಲ್ಲಿ ಮರುಗಬಲ್ಲ ಯಂತ್ರದ ಮರುಕಕ್ಕೆ ಖರ್ಚು ಬಹುತೇಕ ಸೊನ್ನೆ. ಖರ್ಚಿಲ್ಲದ ಸಂಕೇತದಿಂದ ಏನೂ ತಿಳಿಯದು.

ಕಳೆದ ನವೆಂಬರಿನಲ್ಲಿ ಪಿಂಚಣಿದಾರರ ವಾಡಿಕೆಯಂತೆ ನಾನು ಜೀವಿತ ಪ್ರಮಾಣಪತ್ರ ಸಲ್ಲಿಸಿದೆ. ಅದು ಸ್ವೀಕೃತವಾಗಿಲ್ಲವೆಂಬ ಸಂದೇಶ ಬ್ಯಾಂಕಿನಿಂದ ಬಂತು. ವಿಚಾರಿಸಲು ಹೋದರೆ ಆ ಬ್ಯಾಂಕಿನ ಚಾಟ್‌ಬಾಟ್ ಎದುರಾಯಿತು. ನನ್ನ ಬೇಸರ ತನಗೆ ಅರ್ಥವಾಗುತ್ತದೆ ಎಂದು ಅದು ಅತ್ಯಂತ ವಿನಯದಿಂದ ಐದು ಬಾರಿ ತಿಳಿಸಿತು. ಯಾರನ್ನು ಕಾಣಬೇಕು, ಎಷ್ಟು ದಿನದಲ್ಲಿ ಸರಿಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ. ಕೊನೆಗೆ ಶಾಖೆಗೆ ಹೋದಾಗ, ತಲೆ ಎತ್ತಿಯೂ ನೋಡದ ಗುಮಾಸ್ತರೊಬ್ಬರು ಸ್ವಲ್ಪ ಸಿಡುಕಿನಿಂದಲೇ ಕಾಗದ ಇಸಿದುಕೊಂಡು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು. ಆ ಸಿಡುಕು ನನಗೆ ಯಂತ್ರದ ವಿನಯಕ್ಕಿಂತ ಸಾವಿರ ಪಾಲು ಮೇಲೆನಿಸಿತು.

2011ರಲ್ಲಿ ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮವನ್ನು ರೂಪಿಸಿ, 2012ರ ಏಪ್ರಿಲ್‌ನಲ್ಲಿ 'ಸಕಾಲ' ಎಂಬ ಹೆಸರಿನಿಂದ ರಾಜ್ಯದಾದ್ಯಂತ ಜಾರಿಗೆ ತಂದಾಗ, ಅದರಲ್ಲಿ ಅನುಕಂಪದ ಮಾತು ಒಂದೂ ಇರಲಿಲ್ಲ. ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು, ಗೊತ್ತುಪಡಿಸಿದ ಅಧಿಕಾರಿಯ ಪದನಾಮ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದನ್ನು ಹೊಣೆಗಾರ ನೌಕರನಿಂದ ವಸೂಲು ಮಾಡುವ ಅವಕಾಶ. ಮೊತ್ತ ಅಲ್ಪವೇ. ಆದರೆ ವಿಳಂಬಕ್ಕೆ ಬೆಲೆ ತೆರಬೇಕಾದವರು ಇದ್ದಾರೆ ಎಂಬ ತತ್ತ್ವ ಅದರಲ್ಲಿತ್ತು. ಸಕಾಲದ ಅನುಷ್ಠಾನದಲ್ಲಿ ಕೊರತೆಗಳಿಲ್ಲವೆಂದು ಹೇಳುತ್ತಿಲ್ಲ. ಚಾಟ್‌ಬಾಟ್ ಬಂದ ಮೇಲೆ ಆ ತತ್ತ್ವವೇ ಮರೆತುಹೋಗಬಾರದು ಎಂಬುದಷ್ಟೇ ನನ್ನ ಕಾಳಜಿ.

ಮನೆಯೊಳಗಿನ ಸ್ಥಿತಿ ಇನ್ನೂ ಗಂಭೀರ. ಒಂಟಿತನ ಕಳೆಯಲೆಂದು ಸಂಗಾತಿಯಂತೆ ಮಾತಾಡುವ ತಂತ್ರಾಂಶಗಳಿಗೆ ಹದಿಹರೆಯದವರೂ ವೃದ್ಧರೂ ಅಂಟಿಕೊಳ್ಳುತ್ತಿದ್ದಾರೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಚಾಟ್‌ಜಿಪಿಟಿಯ ಹೊಸ ರೂಪವೊಂದು ಬಳಕೆದಾರರನ್ನು ಅತಿಯಾಗಿ ಓಲೈಸುತ್ತಿದೆಯೆಂದು ಒಪ್ಪಿ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಬಳಕೆದಾರರ ತಕ್ಷಣದ ಮೆಚ್ಚುಗೆಗೆ ಹೆಚ್ಚು ಮಹತ್ವ ಕೊಟ್ಟದ್ದೇ ಇದಕ್ಕೆ ಕಾರಣವೆಂದು ಅದು ವಿವರಿಸಿತು. ನಿಜವಾದ ಗೆಳೆಯ ಒಮ್ಮೊಮ್ಮೆ ಗದರುತ್ತಾನೆ. ಮೆಚ್ಚುಗೆಯನ್ನೇ ಗಳಿಕೆಯೆಂದು ಎಣಿಸುವ ಯಂತ್ರ ಗದರುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2025ರ ಅಕ್ಟೋಬರ್‌ನಲ್ಲಿ ಅಂಗೀಕರಿಸಿದ ಕಾನೂನಿನ ಪ್ರಕಾರ ಇಂಥ ತಂತ್ರಾಂಶಗಳು ಆತ್ಮಹತ್ಯೆಯ ಸುಳಿವು ಕಂಡಾಗ ಅನುಸರಿಸುವ ಕ್ರಮವನ್ನು ಹೊಂದಿರಬೇಕು. ಮಾತಾಡುತ್ತಿರುವುದು ಯಂತ್ರವೆಂದು ಅಪ್ರಾಪ್ತ ವಯಸ್ಕರಿಗೆ ಕನಿಷ್ಠ ಮೂರು ಗಂಟೆಗೊಮ್ಮೆ ನೆನಪಿಸಬೇಕು.

ನಮ್ಮಲ್ಲಿ ಇದಕ್ಕೆ ಪರ್ಯಾಯ ಇಲ್ಲವೆಂದಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಆಧಾರ. 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿದರೆ ಕನ್ನಡದಲ್ಲಿಯೇ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಅಗತ್ಯವಿದ್ದರೆ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಅಲ್ಲಿಯೂ ತಂತ್ರಜ್ಞಾನವಿದೆ, ಆದರೆ ಅದು ಇಬ್ಬರು ಮನುಷ್ಯರನ್ನು ಜೋಡಿಸಲು ದುಡಿಯುತ್ತದೆ.

ಈ ಹಿನ್ನೆಲೆಯಲ್ಲಿ ಸರ್ಕಾರ ಪರಿಶೀಲಿಸಬಹುದಾದ ಮೂರು ಸಲಹೆಗಳಿವೆ. ಮೊದಲನೆಯದಾಗಿ, ಉದ್ಯೋಗದ ಆಯ್ಕೆ, ನೌಕರರ ಮೌಲ್ಯಮಾಪನ, ಶಾಲಾ ತರಗತಿ ಹಾಗೂ ಪೊಲೀಸ್ ಕಾರ್ಯಗಳಲ್ಲಿ ಭಾವನೆ ಊಹಿಸುವ ಸಾಧನಗಳನ್ನು ನಿಷೇಧಿಸಬೇಕು. ತೂಕಡಿಸುವ ಲಾರಿ ಚಾಲಕನನ್ನು ಎಚ್ಚರಿಸುವ ಉಪಕರಣ ಅಳೆಯುವುದು ಆಯಾಸವನ್ನೇ ಹೊರತು ಭಾವನೆಯನ್ನಲ್ಲ. ಅದಕ್ಕೆ ಅಡ್ಡಿ ಬೇಕಿಲ್ಲ. ಎರಡನೆಯದಾಗಿ, ಸರ್ಕಾರಿ ಇಲಾಖೆ, ಬ್ಯಾಂಕು, ವಿಮಾ ಕಂಪನಿಗಳ ಪ್ರತಿಯೊಂದು ಚಾಟ್‌ಬಾಟ್ ತಾನು ಯಂತ್ರವೆಂದು ಮೊದಲೇ ಹೇಳಬೇಕು. ದೂರಿನ ಸಂಖ್ಯೆ, ಹೊಣೆಗಾರ ಅಧಿಕಾರಿಯ ಪದನಾಮ, ಗಡುವಿನ ದಿನಾಂಕವನ್ನು ತಿಳಿಸಬೇಕು. ಕೇಳಿದವರಿಗೆ ಮನುಷ್ಯರ ಸಂಪರ್ಕ ಕಲ್ಪಿಸಬೇಕು. ಮೂರನೆಯದಾಗಿ, ಸಂಗಾತಿ ತಂತ್ರಾಂಶಗಳಲ್ಲಿ ಹೇಳಿಕೊಂಡ ಅಂತರಂಗದ ಮಾತುಗಳನ್ನು ಸೂಕ್ಷ್ಮ ದತ್ತಾಂಶವೆಂದು ಕಾಯ್ದೆಯಲ್ಲಿ ಸೇರಿಸಿ, ಅವುಗಳ ವಾಣಿಜ್ಯ ಬಳಕೆಯನ್ನು ತಡೆಯಬೇಕು.

ಯಂತ್ರಕ್ಕೆ ನಿಜವಾಗಿ ಭಾವನೆ ಉಂಟೋ ಇಲ್ಲವೋ ಎಂಬ ಜಿಜ್ಞಾಸೆಯನ್ನು ದಾರ್ಶನಿಕರು ನಡೆಸಲಿ. ಆಡಳಿತಕ್ಕೆ ಅಷ್ಟು ದೂರದ ಉತ್ತರ ಬೇಕಾಗಿಲ್ಲ. ಕಷ್ಟ ಹೇಳಿಕೊಂಡು ಬಂದವರಿಗೆ ಮಾತು ಕೊಟ್ಟವರು ಯಾರು, ಮಾತು ತಪ್ಪಿದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಮನುಷ್ಯರೊಬ್ಬರ ಪದನಾಮವನ್ನು ಬರೆದಿಡುವುದು ಸಾಕು.